ಬಳ್ಳಾರಿಯಲ್ಲಿ ಹುಟ್ಟಿದ ಎರಡು ಪಕ್ಷಗಳು

ಪ್ರಾದೇಶಿಕ ಪಕ್ಷವೆಂದರೇನು? ಒಂದು ಪ್ರದೇಶದಲ್ಲಿ ಹುಟ್ಟಿದ ಮಾತ್ರಕ್ಕೆ ಪಕ್ಷವೊಂದು ಪ್ರಾದೇಶಿಕವೆನಿಸುವುದೆ? ಅಥವಾ ತನ್ನ ನಾಯಕನು ಬದಿಗೆ ಸರಿದ ಮೇಲೂ ಆ ಪ್ರದೇಶದ ಪರವಾಗಿ ನಿಲ್ಲಬಲ್ಲ ಪಕ್ಷಕ್ಕೆ ಮಾತ್ರ ಆ ಹೆಸರು ಸಲ್ಲುವುದೆ? 2011ರಿಂದ 2024ರವರೆಗಿನ ಅವಧಿಯಲ್ಲಿ ಬಳ್ಳಾರಿ ಸೀಮೆಯಲ್ಲಿ ಹುಟ್ಟಿ ಮರೆಯಾದ ಎರಡು ಪಕ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಅರಸಬಹುದು.

ಮೊದಲು ಹಿನ್ನೆಲೆಯನ್ನು ನೋಡೋಣ. ಬಳ್ಳಾರಿಯು 1953ನೆಯ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಅಲ್ಲಿಂದ ಮುಂದೆ ಅರ್ಧ ಶತಮಾನದ ಕಾಲ ಇಲ್ಲಿಯ ಲೋಕಸಭಾ ಸ್ಥಾನವು ಕಾಂಗ್ರೆಸ್ಸಿನ ಕೈಬಿಡಲಿಲ್ಲ. 1999ರಲ್ಲಿ ಶ್ರೀಮತಿ ಸೋನಿಯಾ ಗಾಂಧಿಯವರೂ ಶ್ರೀಮತಿ ಸುಷ್ಮಾ ಸ್ವರಾಜ್‌ರವರೂ ಇಲ್ಲಿ ಎದುರುಬದುರಾದಾಗ ದೇಶದ ಕಣ್ಣೆಲ್ಲ ಬಳ್ಳಾರಿಯ ಮೇಲಿತ್ತು. ಗೆದ್ದುದು ಕಾಂಗ್ರೆಸ್ಸೇ ಆದರೂ ಭಾರತೀಯ ಜನತಾ ಪಕ್ಷಕ್ಕೆ ಇಲ್ಲಿ ಬೇರು ಬಿಟ್ಟದ್ದು ಆ ಚುನಾವಣೆಯಲ್ಲಿಯೇ. 2004ರಲ್ಲಿ ಶ್ರೀ ಜಿ. ಕರುಣಾಕರ ರೆಡ್ಡಿಯವರು ಲೋಕಸಭೆಗೆ ಆಯ್ಕೆಯಾದರು. 2008ರಲ್ಲಿ ಅವರೂ, ಅವರ ಸೋದರ ಶ್ರೀ ಜನಾರ್ದನ ರೆಡ್ಡಿಯವರೂ, ಇವರ ಆಪ್ತರಾದ ಶ್ರೀ ಬಿ. ಶ್ರೀರಾಮುಲುರವರೂ ರಾಜ್ಯದ ಮಂತ್ರಿಗಳಾದರು.

ಅದೇ ವರ್ಷ ಕ್ಷೇತ್ರಗಳ ಗಡಿಗಳೂ ಬದಲಾದವು. ಸಿಂದ ಅರಸರ ರಾಜಧಾನಿಯಾಗಿ ಶಾಸನಗಳಲ್ಲಿ ಹೆಸರಾದ ಕುರುಗೋಡು, ತನ್ನ ಹೆಸರಿನ ವಿಧಾನಸಭಾ ಕ್ಷೇತ್ರವನ್ನು ಕಳೆದುಕೊಂಡು ಕಂಪ್ಲಿಯೊಳಗೆ ಸೇರಿತು. ಸಿರುಗುಪ್ಪ, ಬಳ್ಳಾರಿ ಗ್ರಾಮಾಂತರ, ಕಂಪ್ಲಿ, ಸಂಡೂರು ಈ ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ವಾಲ್ಮೀಕಿ ನಾಯಕ ಸಮಾಜದ ಮುಂದಾಳಾದ ಶ್ರೀರಾಮುಲುರವರ ಪ್ರಾಬಲ್ಯವನ್ನು ತಿಳಿಯಬೇಕಾದರೆ ಈ ಸಂಗತಿಯನ್ನು ಮರೆಯಲಾಗದು.

2011ನೆಯ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತರ ವರದಿ ಬಂದಿತು. ಸೆಪ್ಟೆಂಬರಿನಲ್ಲಿ ಜನಾರ್ದನ ರೆಡ್ಡಿಯವರ ಬಂಧನವಾಯಿತು. ಆ ದಿನಗಳಲ್ಲಿಯೇ ಶ್ರೀರಾಮುಲುರವರು ಶಾಸಕ ಸ್ಥಾನವನ್ನು ತ್ಯಜಿಸಿ, ಬಳ್ಳಾರಿ ಗ್ರಾಮಾಂತರದ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತು 46 ಸಾವಿರಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಆಳುವ ಪಕ್ಷದ ಅಭ್ಯರ್ಥಿ ಮೂರನೆಯ ಸ್ಥಾನಕ್ಕಿಳಿದರು. ಈ ಬಲದ ಮೇಲೆ ಎದ್ದುದೇ ಬಡವರ ಶ್ರಮಿಕರ ರೈತರ ಕಾಂಗ್ರೆಸ್ಸು.

ಜನರ ಬಾಯಲ್ಲಿ ಇದು ಬಿ.ಎಸ್.ಆರ್. ಕಾಂಗ್ರೆಸ್ಸಾಯಿತು. ಬಡವ, ಶ್ರಮಿಕ, ರೈತ ಎಂಬ ಮೂರು ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ನಾಯಕರ ಹೆಸರೇ ಕಿವಿಗೆ ಬೀಳುವುದು. ಅಕ್ಷರ ಬಲ್ಲವರಿಗೆ ಇದು ಸ್ವಾರಸ್ಯವೆನಿಸಬಹುದು. ಆದರೆ ಪಕ್ಷದ ಮುಂದಿನ ಗತಿಯೂ ಈ ಹೆಸರಿನಲ್ಲಿಯೇ ಅಡಗಿತ್ತು. 2013ರಲ್ಲಿ ಪಕ್ಷವು ರಾಜ್ಯದ ಉದ್ದಗಲಕ್ಕೂ ಸ್ಪರ್ಧಿಸಿ ಗೆದ್ದುದು 4 ಸ್ಥಾನಗಳನ್ನು: ಬಳ್ಳಾರಿ ಗ್ರಾಮಾಂತರ, ಕುರುಗೋಡನ್ನು ಒಳಗೊಂಡ ಕಂಪ್ಲಿ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು, ಬೆಳಗಾವಿ ಜಿಲ್ಲೆಯ ಕುಡಚಿ. ದೊರೆತ ಮತ ಶೇಕಡ 3ಕ್ಕೂ ಕಡಮೆ. ಬಳ್ಳಾರಿ ನಗರವೂ ಸಿರುಗುಪ್ಪವೂ ಕಾಂಗ್ರೆಸ್ಸಿಗೆ ಒಲಿದವು. 2014ರ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಶ್ರೀರಾಮುಲುರವರು ಮೂಲಪಕ್ಷಕ್ಕೆ ಮರಳಿ ಸಂಸದರಾದರು. ಅವರು ತೆರವು ಮಾಡಿದ ಬಳ್ಳಾರಿ ಗ್ರಾಮಾಂತರವನ್ನು ಅದೇ ವರ್ಷದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸು ಗೆದ್ದುಕೊಂಡಿತು. ವ್ಯಕ್ತಿಗೆ ಕೊಟ್ಟ ಮತವು ವ್ಯಕ್ತಿಯೊಡನೆಯೇ ಹೊರಟುಹೋಯಿತು.

ಎರಡನೆಯದು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ. 2022ನೆಯ ಡಿಸೆಂಬರ್ 25ರಂದು ಜನಾರ್ದನ ರೆಡ್ಡಿಯವರು ಇದನ್ನು ಘೋಷಿಸಿದರು. ಹೆಸರಿನಲ್ಲಿ ಶ್ಲೇಷೆಯಿದೆ. ಪ್ರಜೆಗಳ ಕ್ಷೇಮವನ್ನು ನೋಡುವ ರಾಜ್ಯವೆಂಬುದು ಒಂದರ್ಥ. 2019ರಲ್ಲಿ ಹೈದರಾಬಾದು ಕರ್ನಾಟಕಕ್ಕೆ ಇಟ್ಟ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರಿನ ನೆನಪು ಇನ್ನೊಂದು. ನ್ಯಾಯಾಲಯದ ನಿರ್ಬಂಧದಿಂದಾಗಿ ಬಳ್ಳಾರಿಗೆ ಬರಲಾಗದ ನಾಯಕರು ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ನಿಂತು 8,266 ಮತಗಳ ಅಂತರದಿಂದ ಗೆದ್ದರು. ಪಕ್ಷಕ್ಕೆ ದಕ್ಕಿದುದು ಅದೊಂದೇ ಸ್ಥಾನ.

ಬಳ್ಳಾರಿ ನಗರದಲ್ಲಿ ಅವರ ಪತ್ನಿ ಶ್ರೀಮತಿ ಲಕ್ಷ್ಮೀ ಅರುಣಾರವರೂ ಸೋದರ ಶ್ರೀ ಸೋಮಶೇಖರ ರೆಡ್ಡಿಯವರೂ ಬೇರೆ ಬೇರೆ ಪಕ್ಷಗಳಿಂದ ಕಣದಲ್ಲಿದ್ದರು. ಕಾಂಗ್ರೆಸ್ಸಿನ ಶ್ರೀ ನಾರಾ ಭರತ್ ರೆಡ್ಡಿಯವರಿಗೆ 86,440, ಲಕ್ಷ್ಮೀ ಅರುಣಾರವರಿಗೆ 48,577, ಸೋಮಶೇಖರ ರೆಡ್ಡಿಯವರಿಗೆ 37,155 ಮತಗಳು ಬಂದವು. ಒಂದೇ ಮನೆಯ ಜಗಳದಿಂದ ಮೂರನೆಯವರಿಗೆ ಲಾಭವಾಯಿತೆಂಬ ಮಾತು ಊರಲ್ಲಿ ಪ್ರಚಲಿತವಾಗಿದೆ. ಆದರೆ ಎರಡೂ ಮತಗಳನ್ನು ಕೂಡಿಸಿದರೆ 85,732, ಗೆದ್ದವರಿಗಿಂತ ಕಡಮೆಯೇ! ಮನೆ ಒಡೆದುದು ನಿಜ. ಆದರೆ ಅದಕ್ಕಿಂತ ಮೊದಲೇ ಮತದಾರನು ಆ ಮನೆಯಿಂದ ದೂರ ಸರಿದಿದ್ದನು. ಸಿರುಗುಪ್ಪದಲ್ಲಿ ಕಾಂಗ್ರೆಸ್ಸಿನ ಶ್ರೀ ಬಿ.ಎಂ. ನಾಗರಾಜರವರು 37,032 ಮತಗಳ ಅಂತರದಿಂದ ಗೆದ್ದುದೂ ಇದನ್ನೇ ಹೇಳುತ್ತದೆ. ಜಿಲ್ಲೆಯ ಐದು ಸ್ಥಾನಗಳೂ ಕಾಂಗ್ರೆಸ್ಸಿನ ಪಾಲಾದವು. 2024ನೆಯ ಮಾರ್ಚ್ 25ರಂದು ಪಕ್ಷವು ಭಾರತೀಯ ಜನತಾ ಪಕ್ಷದಲ್ಲಿ ವಿಲೀನವಾಯಿತು. ದಿನವೆಣಿಸಿದರೆ ಅದರ ಆಯುಸ್ಸು ಸರಿಯಾಗಿ 15 ತಿಂಗಳು.

ಬಳ್ಳಾರಿಗೆ ನೆರೆಯಾದ ಆಂಧ್ರದಲ್ಲಿಯೂ 2011ರಲ್ಲಿಯೇ ವೈ.ಎಸ್.ಆರ್. ಕಾಂಗ್ರೆಸ್ಸು ಹುಟ್ಟಿತು. ಅದೂ ಒಂದು ಮನೆತನದ ಪಕ್ಷವೇ. ಆದರೆ 2014ರಲ್ಲಿ ಸೋತ ಮೇಲೆ ಐದು ವರ್ಷ ವಿರೋಧಪಕ್ಷವಾಗಿ ಕುಳಿತು, 2019ರಲ್ಲಿ 175ರಲ್ಲಿ 151 ಸ್ಥಾನ ಗಳಿಸಿತು. 2024ರಲ್ಲಿ 11ಕ್ಕೆ ಇಳಿದರೂ ಬಾಗಿಲು ಮುಚ್ಚಲಿಲ್ಲ. ಸೋಲನ್ನು ಸಹಿಸುವ ಈ ತಾಳ್ಮೆ ನಮ್ಮ ಎರಡು ಪಕ್ಷಗಳಲ್ಲಿ ಕಾಣಲಿಲ್ಲ. ಇದು ಬಳ್ಳಾರಿಗೆ ಮಾತ್ರ ಅಂಟಿದ ದೋಷವೂ ಅಲ್ಲ. 2013ರಲ್ಲಿ 6 ಸ್ಥಾನ ಗಳಿಸಿದ ಶ್ರೀ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷವೂ ಮರುವರ್ಷವೇ ಮೂಲಪಕ್ಷದಲ್ಲಿ ಲೀನವಾಯಿತು.

ಇದರಿಂದ ನಷ್ಟ ಯಾರಿಗೆ? ನಾಯಕರಿಗೆ ಮರಳುವ ಮನೆಯಿತ್ತು. ಆದರೆ ಮೂಲಪಕ್ಷ ಬೇಡವೆಂದೇ ಹೊಸ ಪಕ್ಷಕ್ಕೆ ಮತವಿತ್ತವನು, ತನ್ನನ್ನು ಒಂದು ಮಾತು ಕೇಳದೆಯೇ ತನ್ನ ಮತವು ಅಲ್ಲಿಗೇ ಸೇರಿದುದನ್ನು ಕಂಡನು. ಪಕ್ಷಾಂತರ ನಿಷೇಧದ ಕಾನೂನು ವಿಲೀನಕ್ಕೆ ಎಡೆಗೊಟ್ಟಿದೆ. ಮತದಾರನ ಸಮ್ಮತಿಯನ್ನು ಅದು ಬೇಡುವುದಿಲ್ಲ. ಸಿರುಗುಪ್ಪದ ಭತ್ತದ ರೈತನಿಗೆ ತುಂಗಭದ್ರೆಯ ನೀರು ಬೇಕು. ಕುರುಗೋಡಿನ ಮೆಣಸಿನಕಾಯಿ ಬೆಳೆಗಾರನಿಗೆ ಬೆಲೆ ಬೇಕು. ಬಳ್ಳಾರಿಯ ಹೊಲಿಗೆ ಕಾರ್ಮಿಕನಿಗೆ ಕೂಲಿ ಬೇಕು. ಇವರ ಹೆಸರಿನಲ್ಲಿ ಕೊಟ್ಟ ಮಾತುಗಳಿಗೆ ಲೆಕ್ಕ ಕೇಳೋಣವೆಂದರೆ ಆ ಪಕ್ಷಗಳೇ ಇಂದು ಇಲ್ಲ. ಮುಂದೆ ಈ ನೆಲದಲ್ಲಿ ಮೂರನೆಯ ಪಕ್ಷವೊಂದು ಹುಟ್ಟುವುದಾದರೆ ಅದನ್ನು ಮೊದಲು ಕೇಳಬೇಕಾದ ಪ್ರಶ್ನೆ, ‘ಗೆದ್ದರೆ ಏನು ಮಾಡುವಿರಿ?’ ಎಂಬುದಲ್ಲ, ‘ಸೋತರೆ ಎಲ್ಲಿರುವಿರಿ?’ ಎಂಬುದು.