ಇಪ್ಪತ್ತರ ಹುಡುಗ, ಒಂದು ಬುಗುರಿ, ಒಂದು "ಇಲ್ಲ"

1/3
ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆ ಸ್ಪಿನ್ ಅಂದ್ರೆ ಪ್ಲಸ್ ಅರ್ಧ, ಮೈನಸ್ ಅರ್ಧ. ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತಿರ್ತೀರಿ. ನಾನು ಬಿಕಾಂ, ನನಗೆ ಅಷ್ಟೂ ಗೊತ್ತಿರಲಿಲ್ಲ. ಈ ಕಥೆಗೆ ನಾನು ಬಂದಿದ್ದೇ ದುಡ್ಡಿನ ದಾರಿ ಹಿಡಿದು.

1921, ಜರ್ಮನಿಯ ಫ್ರಾಂಕ್‌ಫರ್ಟ್. ಯುದ್ಧ ಸೋತ ದೇಶ, ಮಾರ್ಕ್ ಬೆಲೆ ದಿನದಿನಕ್ಕೂ ಕುಸೀತಿತ್ತು. ಆಟೋ ಸ್ಟರ್ನ್ ಅವರಿಗೆ ಒಂದು ಪ್ರಯೋಗ ಹೊಳೆಯಿತು. ಬೆಳ್ಳಿಯನ್ನು ಕಾಯಿಸಿ ಆವಿ ಮಾಡಿ, ಅದರ ಪರಮಾಣುಗಳನ್ನು ಒಂದು ಕಡೆ ಜೋರು, ಒಂದು ಕಡೆ ಮೆಲ್ಲಗೆ ಎಳೆಯೋ ಅಯಸ್ಕಾಂತದ ನಡುವೆ ಹಾಯಿಸೋದು. ಪರಮಾಣು ಒಂದು ಪುಟ್ಟ ಅಯಸ್ಕಾಂತ ಅಲ್ವಾ? ಹಳೇ ಭೌತಶಾಸ್ತ್ರದ ಪ್ರಕಾರ ಅದು ಯಾವ ದಿಕ್ಕಿಗೆ ಬೇಕಾದ್ರೂ ತಿರುಗಿರಬಹುದು, ಹಾಗಾಗಿ ಗಾಜಿನ ಮೇಲೆ ಒಂದೇ ಅಗಲವಾದ ಕಲೆ ಬೀಳಬೇಕು. ಕ್ವಾಂಟಮ್‌ನವರು ಹೇಳೋದು ನಿಜ ಆದ್ರೆ ಗೆರೆ ಒಡೆಯಬೇಕು.

ಪ್ರಯೋಗ ಕೈಹಿಡಿದವರು ವಾಲ್ಟರ್ ಗೆರ್ಲಾಕ್. ದುಡ್ಡು? ಮ್ಯಾಕ್ಸ್ ಬಾರ್ನ್ ಅವರು ಐನ್‌ಸ್ಟೈನ್ ಸಾಪೇಕ್ಷತೆ ಬಗ್ಗೆ ಟಿಕೆಟ್ ಇಟ್ಟು ಭಾಷಣ ಮಾಡಿ, ಬಂದ ಹಣವನ್ನು ಲ್ಯಾಬ್‌ಗೆ ಹಾಕಿದರು. ಅದೂ ಸಾಲದೆ ನ್ಯೂಯಾರ್ಕ್‌ನ ಹೆನ್ರಿ ಗೋಲ್ಡ್‌ಮನ್‌ಗೆ ಪತ್ರ ಬರೆದರು. ಡಾಲರ್‌ನಲ್ಲಿ ಚೆಕ್ ಬಂತು! ಹೌದು, ನಮ್ಮ ಬಿಕಾಂನವರೆಲ್ಲ ಕನಸು ಕಾಣೋ ಆ ಗೋಲ್ಡ್‌ಮನ್ ಸ್ಯಾಕ್ಸ್ ಮನೆತನದವರೇ. ಕುಸಿಯೋ ಮಾರ್ಕ್ ಎದುರು ಡಾಲರ್ ಅಂದ್ರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಗಾಜಿನ ಮೇಲೆ ಮೊದಲು ಏನೂ ಕಾಣಲಿಲ್ಲವಂತೆ. ಸ್ಟರ್ನ್ ಹತ್ತಿರ ಹಿಡಿದು ನೋಡ್ತಾ ಇದ್ದಾಗ, ಅವರ ಅಗ್ಗದ ಸಿಗಾರ್‌ನ ಗಂಧಕ ತಗುಲಿ ಬೆಳ್ಳಿ ಕಪ್ಪಾಗಿ ಕಾಣಿಸಿಕೊಂಡಿತಂತೆ. ಸ್ಟರ್ನ್ ಅವರೇ ಮುಂದೆ ಹೇಳಿದ ಕಥೆ, ಸ್ವಲ್ಪ ಮಸಾಲೆ ಇದ್ದರೂ ಇರಬಹುದು. 1922ರ ಫೆಬ್ರವರಿಯಲ್ಲಿ ಗೆರೆ ಒಡೆದು ಎರಡಾಗಿದ್ದು ಮಾತ್ರ ಪಕ್ಕಾ. ನಡುವಿನ ಅಂತರ ಸುಮಾರು 0.2 ಮಿಲಿಮೀಟರ್, ನೋಟ್‌ಬುಕ್‌ನ ಎರಡು ಹಾಳೆ ದಪ್ಪ. ಗೆರ್ಲಾಕ್ ಅದರ ಫೋಟೋ ಇರೋ ಪೋಸ್ಟ್‌ಕಾರ್ಡ್‌ನ್ನು ನೀಲ್ಸ್ ಬೋರ್‌ಗೆ ಕಳಿಸಿದರು.

ತಮಾಷೆ ಅಂದ್ರೆ, ಬೋರ್ ಅವರ ಆಗಿನ ಸಿದ್ಧಾಂತವೇ ಗೆದ್ದಿತು ಅಂತ ಎಲ್ಲರೂ ಅಂದುಕೊಂಡರು. ಅವರು ನೋಡಿದ್ದು ಸ್ಪಿನ್. ಆ ಹೆಸರೇ ಇನ್ನೂ ಹುಟ್ಟಿರಲಿಲ್ಲ.

2/3
1925, ಜನವರಿ. ರಾಲ್ಫ್ ಕ್ರೋನಿಗ್ ಅನ್ನೋ ಹುಡುಗ ಅಮೆರಿಕದ ಕೊಲಂಬಿಯಾದಿಂದ ಜರ್ಮನಿಯ ಟ್ಯೂಬಿಂಗನ್‌ಗೆ ಬಂದಿದ್ದ. ವಯಸ್ಸು 20. ನನ್ನ ವಯಸ್ಸು.

ಅಲ್ಲಿ ಪ್ರೊಫೆಸರ್ ಲಾಂಡೆ ಅವರು ವುಲ್ಫ್‌ಗಾಂಗ್ ಪೌಲಿ ಬರೆದಿದ್ದ ಒಂದು ಪತ್ರ ತೋರಿಸಿದರು. ಪರಮಾಣುವಿನೊಳಗಿನ ಪ್ರತಿ ಎಲೆಕ್ಟ್ರಾನ್‌ಗೂ ನಾಲ್ಕು ಸಂಖ್ಯೆ ಬೇಕು ಅಂತ ಅದರಲ್ಲಿತ್ತು. ಮೂರಕ್ಕೆ ಅರ್ಥ ಇತ್ತು. ನಾಲ್ಕನೇದು ಏನು? ಕ್ರೋನಿಗ್‌ಗೆ ಹೊಳೆದುಬಿಡ್ತು: ಎಲೆಕ್ಟ್ರಾನ್ ಬುಗುರಿ ಥರ ತನ್ನ ಸುತ್ತ ತಾನೇ ತಿರುಗ್ತಿದ್ರೆ? ಆಗ ಅದೇ ಒಂದು ಅಯಸ್ಕಾಂತ ಆಗುತ್ತೆ. ಅವತ್ತೇ ಮಧ್ಯಾಹ್ನ ಕೂತು ಲೆಕ್ಕ ಹಾಕಿದ. ಬಹುಪಾಲು ಸರಿಹೋಯ್ತು, ಒಂದು ಕಡೆ ಮಾತ್ರ ಉತ್ತರ ಎರಡು ಪಟ್ಟು ಬಂತು.

ಮಾರನೇ ದಿನ ಸ್ವತಃ ಪೌಲಿ ಬಂದರು. ಕೇಳಿದರು. ಐಡಿಯಾ ಜಾಣತನದ್ದೇ, ಆದರೆ ಪ್ರಕೃತಿ ಹಾಗಿಲ್ಲ ಅನ್ನೋ ಅರ್ಥದ ಮಾತು ಹೇಳಿದರು. ಕೋಪನ್‌ಹೇಗನ್‌ಗೆ ಹೋದಾಗ ಅಲ್ಲೂ ಯಾರೂ ಬೆನ್ನು ತಟ್ಟಲಿಲ್ಲ. ಕ್ರೋನಿಗ್ ಅದನ್ನ ಎಲ್ಲೂ ಪ್ರಕಟಿಸಲೇ ಇಲ್ಲ.

ಕ್ಲಾಸಲ್ಲಿ ಒಂದು ಡೌಟ್ ಕೇಳೋಕೆ ಮೂರು ಸಲ ಯೋಚಿಸಿ, ಕೊನೆಗೆ ಬೆಲ್ ಹೊಡೆದ ಮೇಲೆ ಸುಮ್ಮನೆ ಎದ್ದು ಬರೋ ನನಗೆ ಈ ಜಾಗದಲ್ಲಿ ಹೊಟ್ಟೆ ಚುರ್ ಅಂತು. ಹಾಗಂತ ಪೌಲಿಯನ್ನ ವಿಲನ್ ಮಾಡೋಕೂ ಮನಸ್ಸಿಲ್ಲ. ಅವರಿಗೂ ಆಗ ಬರೀ 24. ಎರಡು ಪಟ್ಟಿನ ತಪ್ಪು ನಿಜಕ್ಕೂ ಅಲ್ಲಿತ್ತು.

3/3
ಅದೇ ವರ್ಷ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಉಲೆನ್‌ಬೆಕ್, ಗೌಡ್ಸ್‌ಮಿಟ್ ಅನ್ನೋ ಇಬ್ಬರು ಹುಡುಗರಿಗೆ ಇದೇ ಐಡಿಯಾ ಬಂತು. ಅವರ ಮೇಷ್ಟ್ರು ಎರನ್‌ಫೆಸ್ಟ್ ಚಿಕ್ಕದಾಗಿ ಬರೆದುಕೊಡಿ ಅಂದರು, ಹಿರಿಯರಾದ ಲೊರೆಂಟ್ಸ್ ಅವರನ್ನೂ ಕೇಳಿ ಅಂದರು. ಲೊರೆಂಟ್ಸ್ ಲೆಕ್ಕ ಹಾಕಿ ನೋಡಿದರೆ, ಎಲೆಕ್ಟ್ರಾನ್ ನಿಜವಾಗಿ ತಿರುಗೋದಾದ್ರೆ ಅದರ ಮೇಲ್ಮೈ ಬೆಳಕಿಗಿಂತ ವೇಗವಾಗಿ ಓಡಬೇಕು! ಹುಡುಗರು ಹೆದರಿ, ಲೇಖನ ವಾಪಸ್ ಕೊಡಿ ಅಂತ ಮೇಷ್ಟ್ರ ಹತ್ರ ಓಡಿದರು. ಅವರು ಆಗಲೇ ಕಳಿಸಿಬಿಟ್ಟಿದ್ದರು. ನೀವಿನ್ನೂ ಚಿಕ್ಕವರು, ಒಂದು ದಡ್ಡತನ ಮಾಡಿದ್ರೂ ನಡೆಯುತ್ತೆ ಅಂದರಂತೆ. 1925ರ ನವೆಂಬರ್‌ನಲ್ಲಿ ಅದು ಅಚ್ಚಾಯಿತು.

ಆ ಎರಡು ಪಟ್ಟಿನ ತಪ್ಪನ್ನು 1926ರಲ್ಲಿ ಸರಿಮಾಡಿದ್ದು ಲೆವೆಲಿನ್ ಥಾಮಸ್, ವಯಸ್ಸು 22. ಸಾಪೇಕ್ಷತೆಯ ಒಂದು ಸೂಕ್ಷ್ಮವನ್ನು ಎಲ್ಲರೂ ಮರೆತಿದ್ದರು. ಪೌಲಿ ಕೂಡ ಕೊನೆಗೆ ಒಪ್ಪಿದರು. ಲೊರೆಂಟ್ಸ್ ಹೇಳಿದ್ದೂ ಸುಳ್ಳಲ್ಲ. ಎಲೆಕ್ಟ್ರಾನ್ ಬುಗುರಿ ಥರ ತಿರುಗೋದಿಲ್ಲ, ಸ್ಪಿನ್ ಅದಕ್ಕೆ ಹುಟ್ಟಿನಿಂದಲೇ ಇರೋ ಗುಣ. ಹೆಸರು ಮಾತ್ರ ಹಾಗೇ ಉಳೀತು. ಫ್ರಿಜ್ ಬಾಗಿಲಿಗೆ ಮ್ಯಾಗ್ನೆಟ್ ಅಂಟೋದು ಬಹುತೇಕ ಇದೇ ಗುಣದಿಂದ.

ಸ್ಟರ್ನ್‌ಗೆ 1943ರ ನೊಬೆಲ್, ಪೌಲಿಗೆ 1945ರದ್ದು. ಉಲೆನ್‌ಬೆಕ್, ಗೌಡ್ಸ್‌ಮಿಟ್‌ಗೆ ಬರಲಿಲ್ಲ. ಕ್ರೋನಿಗ್‌ಗಂತೂ ಇಲ್ಲವೇ ಇಲ್ಲ.

1928ರಲ್ಲಿ ಪೌಲಿ ಜ್ಯೂರಿಕ್‌ನಲ್ಲಿ ಪ್ರೊಫೆಸರ್ ಆದಾಗ ಒಬ್ಬ ಸಹಾಯಕ ಬೇಕಾಯ್ತು. ಕರೆದಿದ್ದು ಇದೇ ಕ್ರೋನಿಗ್‌ನ. ಕೆಲಸ ಏನು ಗೊತ್ತಾ? ನಾನು ಏನು ಹೇಳಿದ್ರೂ ಕಾರಣ ಕೊಟ್ಟು ಎದುರು ವಾದ ಮಾಡಬೇಕು ಅಂತ ಪೌಲಿ ಹೇಳಿದ್ದರಂತೆ.