ಕಲ್ಯಾಣದ ಕೋಟೆಯ ತೋಪುಗಳೂ ಮದ್ದಿನ ರಕ್ಷಣೆಯೂ

ಬೀದರಿನಿಂದ ಹುಮನಾಬಾದದ ಮಾರ್ಗವಾಗಿ ಬಸವಕಲ್ಯಾಣಕ್ಕೆ ಬರುವ ಇತಿಹಾಸಾಸಕ್ತರು ಕೋಟೆಯ ಹಳೆಯ ತೋಪುಗಳನ್ನು ಕಂಡು ಬೆರಗಾಗುವುದು ಸಹಜ. ಅವುಗಳ ಉದ್ದಗಲಗಳನ್ನು ಗುರುತು ಹಾಕಿಕೊಳ್ಳುವವರು ಹಲವರು. ಅವನ್ನು ಬಳಕೆಗೆ ಯೋಗ್ಯವಾಗಿ ಕಾಪಾಡುತ್ತಿದ್ದ ಬಗೆಯನ್ನು ವಿಚಾರಿಸುವವರು ವಿರಳ. ಆದರೆ ಇದನ್ನರಿಯದೆ ಕೋಟೆಗಳ ಏಳುಬೀಳುಗಳನ್ನು ಅರಿಯಲಾಗದೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ 1657ರ ಘಟನೆಯೇ ನಿದರ್ಶನ. ಆಗ ಬೀದರ್, ಕಲ್ಯಾಣಗಳೆರಡೂ ಬಿಜಾಪುರದ ಆದಿಲಶಾಹಿಗಳ ವಶದಲ್ಲಿದ್ದವು. ಮೊಗಲ್ ರಾಜಕುಮಾರ ಔರಂಗಜೇಬನು ಮೊದಲು ಬೀದರನ್ನು ಮುತ್ತಿದನು. ವೃದ್ಧ ಕಿಲ್ಲೇದಾರ ಸಿದ್ದಿ ಮರ್ಜಾನನು ಧೈರ್ಯದಿಂದ ಹೋರಾಡುತ್ತಿರಲು, ಮೊಗಲರ ಬಾಣವೊಂದರ ಕಿಡಿ ಬುರುಜಿನ ಹಿಂದಿದ್ದ ಮದ್ದಿನ ಸಂಗ್ರಹಕ್ಕೆ ತಗುಲಿತು. ಮರ್ಜಾನನೂ ಅವನ ಮಕ್ಕಳೂ ಸುಟ್ಟು ಗಾಯಗೊಂಡರು, ಕೋಟೆ ಬಿದ್ದಿತು. ಬಳಿಕ ಮೇ ತಿಂಗಳಲ್ಲಿ ಮುತ್ತಿಗೆಗೊಳಗಾದ ಕಲ್ಯಾಣವಾದರೋ ದಿಲಾವರನ ನಾಯಕತ್ವದಲ್ಲಿ ಸುಮಾರು ಮೂರು ತಿಂಗಳು ಎದುರಿಸಿ ನಿಂತಿತು. ಬೀದರಿನಲ್ಲಿ ಸೋಲನ್ನು ತ್ವರೆಗೊಳಿಸಿದ್ದು ತೋಪಿನ ಕೊರತೆಯಲ್ಲ, ಮದ್ದನ್ನು ಕಾದಾಟದ ಸ್ಥಳಕ್ಕೆ ಅತಿ ಸಮೀಪದಲ್ಲಿರಿಸಿದ ದೋಷವೆಂದು ನಾವು ಭಾವಿಸುತ್ತೇವೆ.

ಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಸಾಮಾನ್ಯವಾಗಿ ನೂರರಲ್ಲಿ 75, 15, 10ರ ಪ್ರಮಾಣದಲ್ಲಿರುವುದು. ಇದು ಉರಿದಾಗ ಅರ್ಧದಷ್ಟು ಭಾಗ ಮಸಿಯಾಗಿಯೂ ಲವಣವಾಗಿಯೂ ಉಳಿಯುತ್ತದೆ. ಆ ಲವಣವು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ದಖನ್ನಿನ ಅನೇಕ ತೋಪುಗಳು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಮೇಲೆ ಬಳೆಗಳನ್ನು ಬಿಗಿದು ಮಾಡಿದವು. ಅವುಗಳ ಸಂದುಗಳಲ್ಲಿ ತುಕ್ಕು ನೆಲೆಸಿದರೆ ಬಲ ಕುಗ್ಗುವುದು. ಆದುದರಿಂದ ನೀರಿನಿಂದ ತೊಳೆದು, ಪೂರ್ಣವಾಗಿ ಒಣಗಿಸಿ, ಎಣ್ಣೆ ಸವರುವುದು ಅವಶ್ಯವಾಗಿತ್ತು.

ಬಾಯಿಯಿಂದಲೇ ಮದ್ದನ್ನೂ ಗುಂಡನ್ನೂ ತುಂಬುವ ಆಯುಧದಲ್ಲಿ ಮತ್ತೊಂದು ಅಪಾಯವುಂಟು. ಹಿಂದಿನ ಹೊಡೆತದ ಕೆಂಡವೊಂದು ಒಳಗುಳಿದಿದ್ದರೆ, ಹೊಸ ಮದ್ದು ತುಂಬುವವನ ಕೈಯಲ್ಲೇ ಹತ್ತಿಕೊಳ್ಳುವುದು. ಪ್ರತಿ ಹೊಡೆತದ ಬಳಿಕ ಒದ್ದೆ ಕುಂಚದಿಂದ ನಳಿಗೆಯನ್ನು ಒರೆಸುವ ನಿಯಮ ಇದರಿಂದಲೇ ಹುಟ್ಟಿತು.

ಈ ಜ್ಞಾನವು ಇಂದಿಗೂ ನಿರುಪಯುಕ್ತವಲ್ಲ. ಕೊಡಗಿನಲ್ಲಿ ಕೈಲ್ ಪೋಳ್ದ್ ಹಬ್ಬದಂದು ಕೋವಿಗಳನ್ನು ಶುಚಿಗೊಳಿಸಿ ಪೂಜಿಸುವ ಪದ್ಧತಿ ಉಳಿದಿದೆ. ಪ್ರಾಚೀನ ಮಾದರಿಯ ಕೋವಿಯನ್ನಾಗಲಿ ಅದರ ಪ್ರತಿಕೃತಿಯನ್ನಾಗಲಿ ಪರಿಶೀಲಿಸುವವರು ಅದು ತುಂಬಿದೆಯೆಂದೇ ಮೊದಲು ಭಾವಿಸಬೇಕು. ಬಾಯಿಯ ಎದುರು ನಿಲ್ಲದೆ ಕೋಲನ್ನು ಒಳಗೆ ಮೆಲ್ಲನೆ ಇಳಿಸಿ, ಆ ಆಳವನ್ನು ಹೊರಗಡೆ ಬತ್ತಿಯ ರಂಧ್ರದವರೆಗಿನ ಉದ್ದದೊಡನೆ ಹೋಲಿಸಬೇಕು. ಕೋಲು ರಂಧ್ರದವರೆಗೆ ತಲುಪದಿದ್ದರೆ ಒಳಗೆ ಏನೋ ಇದೆ. ಆಗ ಅದನ್ನು ಕೆದಕದೆ ತಜ್ಞರಿಗೆ ಒಪ್ಪಿಸತಕ್ಕದ್ದು. ಹೊಗೆಯಿಲ್ಲದ ಆಧುನಿಕ ಮದ್ದನ್ನು ಇಂಥ ನಳಿಗೆಗಳಲ್ಲಿ ಎಂದಿಗೂ ತುಂಬಬಾರದು; ಅದರ ಒತ್ತಡಕ್ಕೆ ನಳಿಗೆಯೇ ಸಿಡಿಯುವುದು.

ಮರ್ಜಾನನ ಶೌರ್ಯವನ್ನು ಸ್ಮರಿಸುವ ನಾವು, ಅವನನ್ನು ಸುಟ್ಟ ಕಿಡಿಯನ್ನೂ ಮರೆಯಲಾಗದು.