ತರಗು ಬೆಂಕಿಯ ಪಾಠ

1956ರಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿದಾಗ ತಾಳವಾಡಿ ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಪಣಕಹಳ್ಳಿಯಂತಹ ಗಡಿಯೂರುಗಳಲ್ಲಿ ನುಡಿಯನ್ನು ಕಾಯುವ ಹೊಣೆ ಕನ್ನಡ ಶಾಲೆಗಳದಾಯಿತು. ಆದರೆ ಇದೇ ಬೆಟ್ಟಸೀಮೆಯ ಸೋಲಿಗರ ಅರಿವಿಗೆ ಪಠ್ಯದಲ್ಲಿ ಹೆಚ್ಚಿನ ಎಡೆ ದೊರೆಯಲಿಲ್ಲ.

ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ಒಣಗಿದೆಲೆಗಳಿಗೆ ಇಡುತ್ತಿದ್ದ ಮೆಲುಬೆಂಕಿಯೇ ‘ತರಗು ಬೆಂಕಿ’. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಅದು ನಿಂತಿತು. ಬಳಿಕವೇ ಲಂಟಾನ ದಟ್ಟೈಸಿತು, ನೆಲ್ಲಿಮರಗಳಿಗೆ ‘ಉಪ್ಪಿಲು’ ಬದನಿಕೆ ಹತ್ತಿತು ಎಂದು ಹಿರಿಯರು ಕಾರಣಸಹಿತ ವಿವರಿಸಿದರು. ಸಂಶೋಧಕರು ಆ ಮಾತನ್ನು ಅಧ್ಯಯನಕ್ಕೆ ಎತ್ತಿಕೊಂಡರು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು.

ನೂರು ವರ್ಷ ಅಕ್ಷರವನ್ನು ಕಲಿಸಿದ ನಮ್ಮ ಶಾಲೆಯು ಇನ್ನು ಸೋಲಿಗ ಹಿರಿಯರನ್ನೂ ಗುರುಗಳೆಂದು ತರಗತಿಗೆ ಬರಮಾಡಿಕೊಳ್ಳಲಿ. ಕಾಡನ್ನು ಓದಬಲ್ಲವರು ಇರುವಾಗಲೇ ಈ ಕಾರ್ಯ ನಡೆಯಬೇಕು.